ಬೆಲೆ ಹೇಳುವವನು

ಬೆಲೆ ಹೇಳುವ ಕೆಲಸ ಯಾರಿಗೂ ಬೇಡ. ಹೇಳಿದ ಬೆಲೆ ಕೊಳ್ಳುವವನಿಗೆ ಹೆಚ್ಚಾಗಿ ಕಾಣುತ್ತದೆ, ಮಾರುವವನಿಗೆ ಕಡಿಮೆಯಾಗಿ ಕಾಣುತ್ತದೆ. ಇಬ್ಬರೂ ಒಪ್ಪಿಬಿಟ್ಟರೆ ನಡುವೆ ನಿಂತವನಿಗೆ ಏನೋ ಗಿಟ್ಟಿರಬೇಕೆಂದು ಮೂರನೆಯವನು ಅನುಮಾನಿಸುತ್ತಾನೆ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು, ಉತ್ತರಪತ್ರಿಕೆಗಳನ್ನು ಬಿಟ್ಟರೆ ಬೇರೆ ಯಾವುದರ ಮೌಲ್ಯಮಾಪನವನ್ನೂ ಮಾಡಿ ಅರಿಯದ ನನಗೆ ಕಳೆದ ವರ್ಷ ಆ ಕೆಲಸ ಬಂದೊದಗಿತು. ನಾನು ಬೆಲೆ ಕಟ್ಟಬೇಕಾಗಿದ್ದುದು ಹೊಲವಲ್ಲ, ಮನೆಯಲ್ಲ, ಎತ್ತಿನ ಜೋಡಿಯಲ್ಲ. ಒಂದು ಹಳೆಯ ಬೇಟೆಯ ಬಂದೂಕು.

ಸಿರುಗುಪ್ಪದಲ್ಲಿ ನನ್ನ ಸೋದರಮಾವ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಒಂದು ಸಣ್ಣ ಅಳತೆಯ ರೈಫಲ್ಲು ಇದ್ದಿತು. ನಮ್ಮ ಕಡೆಯವರು ಅದನ್ನು ‘ಪಾಯಿಂಟ್ ಟೂಟೂ’ ಎನ್ನುತ್ತಾರೆ. ಮಾವನ ತಂದೆ ಅದನ್ನು ಮದರಾಸಿನಲ್ಲಿ ಕೊಂಡಿದ್ದರಂತೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿಯವರಿಗೆ ದೊಡ್ಡ ಊರು ಎಂದರೆ ಮದರಾಸೇ ಆಗಿದ್ದಿತಲ್ಲವೆ? ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಬಾಡಿಗೆ ಮನೆಯಲ್ಲಿ ಬಂದೂಕನ್ನು ಎಲ್ಲಿಡಲಿ ಎಂದ. ಅತ್ತೆಗೆ ಮಳೆಗಾಲದೊಳಗೆ ಮನೆಯ ಮಾಳಿಗೆಯನ್ನು ಬಿಚ್ಚಿಸಿ ಹೊಸದಾಗಿ ಹಾಕಿಸಬೇಕಾಗಿದ್ದಿತು. ‘ನೀನು ಓದಿದಾತ. ಅದು ಎಷ್ಟು ಬಾಳ್ತೈತೆ ನೋಡಿ, ಮಾರಿಕೊಡಪ್ಪಾ’ ಎಂದರು.

‘ಎಷ್ಟು ಬಾಳುತ್ತದೆ?’ ನಮ್ಮ ಭಾಷೆಯ ಈ ಪ್ರಶ್ನೆ ನನಗೆ ಬಹಳ ಇಷ್ಟ. ಮನುಷ್ಯ ಬಾಳುತ್ತಾನೆ, ವಸ್ತುವೂ ಬಾಳುತ್ತದೆ. ಬದುಕುವುದಕ್ಕೂ ಬೆಲೆಯುಳ್ಳದ್ದಾಗಿರುವುದಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿದೆ. ಆದರೆ ತರಗತಿಯಲ್ಲಿ ಹೇಳಲು ಸೊಗಸಾದ ಈ ಮಾತು ಸಂತೆಯಲ್ಲಿ ಉತ್ತರ ಕೊಡುವುದಿಲ್ಲ.

ಬಂದೂಕನ್ನು ಮಾರುವುದು ಹಳೆಯ ಸೈಕಲ್ಲನ್ನು ಮಾರಿದಂತಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸು ಹೊಂದಿದವನು ತೀರಿಕೊಂಡ ಮೇಲೆ ಆಯುಧ ಮನೆಯಲ್ಲಿ ಉಳಿಯುವಂತಿಲ್ಲ. ಅದನ್ನು ಪೊಲೀಸು ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರ ತನ್ನ ಹೆಸರಿಗೆ ಲೈಸೆನ್ಸು ಕೇಳಿಕೊಳ್ಳಬಹುದು, ಇಲ್ಲವೆ ಇಟ್ಟುಕೊಳ್ಳಲು ಅರ್ಹನಾದವನಿಗೆ ಮಾರಬಹುದು. ಗೊತ್ತಾದ ಅವಧಿಯೊಳಗೆ ಯಾವುದೂ ಆಗದಿದ್ದರೆ ಅದು ಸರ್ಕಾರದ ವಶವಾಗುತ್ತದೆ. ಒಬ್ಬ ಗೃಹಸ್ಥ ಇನ್ನೊಬ್ಬ ಗೃಹಸ್ಥನಿಗೆ ಮಾರುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಹೀಗಾಗಿ ಮಾರುವವನಿಗೆ ಅವಸರ, ಕೊಳ್ಳಬಲ್ಲವರು ಕೆಲವರು. ಇಂಥ ಸಂತೆಯಲ್ಲಿ ಬೆಲೆ ಯಾರ ಕಡೆಗೆ ವಾಲುತ್ತದೆಂಬುದನ್ನು ಹೇಳಲು ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಅಲ್ಲದೆ ಈ ಬಂದೂಕಿಗೆ ಅದರ ಕಸುಬೇ ತಪ್ಪಿಹೋಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆಯ ದಿನಗಳು ಮುಗಿಯುತ್ತ ಬಂದುವು. 1991ರ ತಿದ್ದುಪಡಿ ಉಳಿದ ಸಂದುಗಳನ್ನೂ ಬಹುಮಟ್ಟಿಗೆ ಮುಚ್ಚಿತು. ಅದಕ್ಕೆ ಮೊದಲು ನಮ್ಮ ಮಾವ ಮತ್ತು ಅವರ ಗೆಳೆಯರು ಸಿರುಗುಪ್ಪದ ಎರೆಹೊಲಗಳಲ್ಲಿ ಮೊಲ, ಕೌಜುಗ ಎಂದು ಅಲೆದವರು. ಎರೆಭೂತ ಎಂಬ ದೊಡ್ಡ ಹಕ್ಕಿಯೂ ಆ ಹೊಲಗಳಲ್ಲಿ ಓಡಾಡಿಕೊಂಡಿದ್ದ ಕಾಲ ಅದು. ಗಂಡುಹಕ್ಕಿ ಹದಿನೈದು ಕಿಲೋದವರೆಗೆ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ದಕ್ಷಿಣ ಭಾರತದಲ್ಲಿ ಆ ಹಕ್ಕಿ ಈಗ ಉಳಿದಿರುವ ಕೆಲವೇ ನೆಲೆಗಳಲ್ಲಿ ಸಿರುಗುಪ್ಪವೂ ಒಂದು. ಬಂದೂಕಿನ ಲೆಕ್ಕಕ್ಕೆ ಇದು ಸೇರುವುದೋ ಇಲ್ಲವೋ ತಿಳಿಯದು. ಬೆಲೆ ಕಟ್ಟಲು ಹೊರಟಾಗ ನನಗೆ ನೆನಪಾದುದಂತೂ ನಿಜ.

ಬಂದೂಕು ಬಳ್ಳಾರಿಯ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಠೇವಣಿಯಾಗಿದ್ದಿತು. ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದೆ. ಆತ ಬಲು ಸಾವಧಾನದ ಮನುಷ್ಯ. ಬಂದೂಕನ್ನು ಗಾಜಿನ ಮೇಜಿನ ಮೇಲೆ ಮಲಗಿಸಿ, ಕೊಳ್ಳಬಂದವನಿಗೆ ಹೇಳುವಂತಲ್ಲದೆ ವಿದ್ಯಾರ್ಥಿಗೆ ಹೇಳುವಂತೆ ವಿವರಿಸಿದ.

ಮೊದಲು ನೋಡಬೇಕಾದುದು ತಯಾರಕರ ಗುರುತು. ನಮ್ಮದರ ಮೇಲೆ ಮೂರು ಬಂದೂಕುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದಂಥ ಚಿಹ್ನೆ ಇದ್ದಿತು. ಅದು 1861ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬಿ.ಎಸ್.ಎ. ಕಂಪೆನಿಯದು. ನಮ್ಮಲ್ಲಿ ಅನೇಕರಿಗೆ ಆ ಮೂರಕ್ಷರ ಸೈಕಲ್ಲಿನಿಂದ ಪರಿಚಿತ. ಆದರೆ ಆ ಕಂಪೆನಿಯ ಮೊದಲ ವೃತ್ತಿ ಬಂದೂಕಿನದೇ. 1980ರ ದಶಕದ ನಡುವಿನಿಂದ ಸಾಮಾನ್ಯರು ಹೊರದೇಶದ ಬಂದೂಕು ತರಿಸಿಕೊಳ್ಳುವುದು ಬಹುಮಟ್ಟಿಗೆ ನಿಂತುಹೋದ ಕಾರಣ, ನಮ್ಮ ದೇಶದಲ್ಲಿ ಹಳೆಯ ವಿಲಾಯಿತಿ ಬಂದೂಕಿಗೆ ಅದು ಹುಟ್ಟಿದ ಊರಿನಲ್ಲಿಲ್ಲದ ಗಿರಾಕಿ ಉಂಟು. ಎರಡನೆಯದು, ಬಿಡಿಭಾಗಗಳೆಲ್ಲ ಮೂಲದವೇ, ಸಂಖ್ಯೆಗಳು ಕಾಗದದೊಂದಿಗೆ ತಾಳೆಯಾಗುತ್ತವೆಯೇ ಎಂಬುದು. ಮೂರನೆಯದು, ಕಟ್ಟಿಗೆಯ ಹಿಡಿ ಸೀಳಿದೆಯೇ, ಉಕ್ಕಿನ ಮೇಲಣ ಹಳೆಯ ನೀಲಿ ಹೊಳಪು ಉಳಿದಿದೆಯೇ ಎಂಬುದು. ಮಾವ ಪ್ರತಿ ಆಯುಧಪೂಜೆಗೂ ಹಿಡಿಗೆ ಹೊಸ ಪಾಲಿಶು ಹಚ್ಚಿಸುತ್ತಿದ್ದರು. ‘ಅದೇ ತಪ್ಪು ನೋಡ್ರಿ ಸಾರ್’ ಎಂದ ಆತ. ‘ಹಳೇ ಬಂದೂಕು ಹಳೇದರಂಗೇ ಕಾಣಬೇಕು. ಹೊಸದು ಮಾಡಾಕ ಹೋದ್ರೆ ರೇಟು ಬೀಳ್ತೈತೆ.’

ನಳಿಗೆಯ ಬುಡದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾದ ಒಂದು ಮುದ್ರೆ ಇದ್ದಿತು. ಅದು ಪರೀಕ್ಷಾಮುದ್ರೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾಯಿದೆಯ ಮೂಲಕ ಏರ್ಪಟ್ಟ ಪರೀಕ್ಷಾಗೃಹ ಒಂದಿದೆ. ಅಲ್ಲಿ ಪ್ರತಿಯೊಂದು ನಳಿಗೆಯಲ್ಲೂ ವಾಡಿಕೆಗಿಂತ ಹೆಚ್ಚು ಬಲವಾದ ಮದ್ದು ತುಂಬಿ ಹಾರಿಸಿ, ಸಿಡಿಯದೆ ನಿಂತದ್ದಕ್ಕೆ ಮಾತ್ರ ಮುದ್ರೆ ಒತ್ತುತ್ತಾರೆ. ಕೊಳ್ಳುವವನು ನಳಿಗೆಯ ಗಟ್ಟಿತನವನ್ನು ತಾನೇ ಪರೀಕ್ಷಿಸಲಾರ; ಆದುದರಿಂದ ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬ ಅವನ ಪರವಾಗಿ ನೋಡಿ ಸಾಕ್ಷಿ ಹೇಳುತ್ತಾನೆ. ಈ ಏರ್ಪಾಡು ನನಗೆ ಬಹಳ ಮೆಚ್ಚಿಗೆಯಾಯಿತು. ಕೆಲವೇ ದಿನಗಳಲ್ಲಿ ಅಂಥ ಮುದ್ರೆಯ ಸ್ಥಾನ ನನಗೇ ಬರುವುದೆಂದು ಆಗ ಹೊಳೆಯಲಿಲ್ಲ.

ಕೊನೆಗೆ ಆತ ಬೋಲ್ಟನ್ನು ಹೊರಗೆಳೆದು, ನಳಿಗೆಯ ಬುಡಕ್ಕೆ ಒಂದು ಬಿಳಿಯ ಕಾಗದವನ್ನು ಹಿಡಿದು, ಬೆಳಕು ಅದರ ಮೇಲೆ ಬೀಳುವಂತೆ ಮಾಡಿ, ಬಾಯಿಯ ಕಡೆಯಿಂದ ನೋಡಲು ಹೇಳಿದ. ಒಳ್ಳೆಯ ರೈಫಲ್ಲಿನಲ್ಲಿ ಒಳಗೋಡೆಯ ಸುರುಳಿಗೀರುಗಳು ಕನ್ನಡಿಯಂತೆ ಹೊಳೆಯುತ್ತ ತಿರುಗಿ ಹೋಗಬೇಕು; ಗುಂಡು ಆ ಗೀರುಗಳನ್ನು ಕಚ್ಚಿ ಸುತ್ತುತ್ತ ಹೊರಡುವುದರಿಂದಲೇ ಗುರಿ ತಪ್ಪುವುದಿಲ್ಲ. ನನಗೆ ಕಂಡದ್ದು ಸಿಡುಬಿನ ಕಲೆಗಳಂಥ ಕಪ್ಪು ಗುಳಿಗಳು. ಹಿಂದಿನ ಕಾಲದ ತೋಟಾಗಳ ಸಿಡಿಮದ್ದು ನಳಿಗೆಯೊಳಗೆ ಒಂದು ಬಗೆಯ ಉಪ್ಪನ್ನು ಬಿಟ್ಟುಹೋಗುತ್ತಿದ್ದಿತಂತೆ. ಅಂದಂದೇ ತೊಳೆಯದಿದ್ದರೆ ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಮಾವ ಹೊರಗೆ ಪಾಲಿಶು ಹಚ್ಚಿಸಿದ್ದರು. ಒಳಗನ್ನು ಅವರಾಗಲಿ ಅವರ ತಂದೆಯಾಗಲಿ ಸಾಕಷ್ಟು ನೋಡಿಕೊಂಡಿರಲಿಲ್ಲ.

‘ಬಂದೂಕಿನ ಮುಕ್ಕಾಲು ಬೆಲೆ ನಳಿಗೆಯೊಳಗೆ ಐತೆ ಸಾರ್, ಅದು ಹೊರಗೆ ಕಾಣಂಗಿಲ್ಲ’ ಎಂದ ವ್ಯಾಪಾರಿ. ‘ನನಗೆ ಕೊಟ್ರೆ ಇಪ್ಪತ್ತು ಸಾವಿರ. ಒಳಗೆ ಚೊಕ್ಕ ಇದ್ದಿದ್ರೆ ಎಂಬತ್ತರ ಮಾತು ಆಡಬಹುದಿತ್ತು.’

ಆ ಎಂಬತ್ತು ಸಾವಿರವನ್ನು ಕೊಡಲು ಒಬ್ಬರು ಆಗಲೇ ಮುಂದೆ ಬಂದಿದ್ದರು. ಕುರುಗೋಡಿನ ಆ ಹಿರಿಯರು ಮಾವನ ಬಾಲ್ಯದ ಗೆಳೆಯರು, ಬೇಟೆಯ ಜೊತೆಗಾರರು. ಲೈಸೆನ್ಸು ಉಂಟು, ಅದರಲ್ಲಿ ಇನ್ನೊಂದು ಬಂದೂಕಿಗೆ ಅವಕಾಶವೂ ಉಂಟು. ಮರುದಿನವೇ ಕುರುಗೋಡಿಗೆ ಹೋದೆ. ದೊಡ್ಡಬಸವೇಶ್ವರನ ಗುಡಿಯ ಬೀದಿಯಲ್ಲಿ ಬಸ್ಸಿಳಿದವನನ್ನು ಅವರೇ ಕೈಹಿಡಿದು ಮನೆಗೆ ಕರೆದೊಯ್ದು, ಮಂಡಕ್ಕಿ, ಮೆಣಸಿನಕಾಯಿ ತರಿಸಿ, ಮಾತಿಗೆ ಕೂಡಿಸಿಕೊಂಡರು. ಮಾತೆಲ್ಲ ಹಳೆಯದು: ಯಾವ ಹಳ್ಳದ ದಂಡೆಯಲ್ಲಿ ಮಾವ ಕಾಲು ಜಾರಿ ಬಿದ್ದರು, ಯಾವ ದೀಪಾವಳಿಗೆ ಬರಿಗೈಯಲ್ಲಿ ಬಂದು ಮನೆಯವರಿಂದ ನಗಿಸಿಕೊಂಡರು. ‘ಎಂಬತ್ತು ಸಾವಿರ ತಗೋ. ನೋಡಾಕ ನಾನು ಬಳ್ಳಾರಿತನಕ ಬರಾದು ಬ್ಯಾಡ. ನೀನು ನೋಡೀಯಲ್ಲ, ಕಾಲೇಜು ಮೇಷ್ಟ್ರು. ನೀನು ಏನೂ ಅನ್ನಲಿಲ್ಲ ಅಂದ್ರೆ ಚಲೋ ಐತೆ ಅಂತ ತಿಳ್ಕೊಂತೀನಿ’ ಎಂದರು.

ನಾನು ಹೇಳಿಬಿಟ್ಟೆ. ‘ನಳಿಗೆ ಒಳಗೆ ತುಕ್ಕು ತಿಂದೈತೆ, ಕಾಕಾ. ಗುರಿ ನಿಲ್ಲಂಗಿಲ್ಲ’ ಎಂದೆ.

ಹೇಳುವಾಗ ನನ್ನ ಮನಸ್ಸಿನಲ್ಲಿ ಇದ್ದುದನ್ನೂ ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಅವರು ಕೊಳ್ಳುತ್ತಿರುವುದು ಬಂದೂಕನ್ನಲ್ಲ, ಗೆಳೆಯನ ನೆನಪನ್ನು. ನಳಿಗೆ ಹೇಗಿದ್ದರೇನು, ‘ಇರಲಿ ಬಿಡಪ್ಪಾ’ ಎಂದು ಅಷ್ಟನ್ನೂ ಕೊಟ್ಟಾರು ಎಂದು ಒಳಗೊಳಗೆ ನಂಬಿದ್ದೆ. ಸತ್ಯವನ್ನೂ ಹೇಳಿದಂತಾಯಿತು, ಕಾಸೂ ಕಳೆಯಲಿಲ್ಲ ಎನ್ನುವಂಥ ಒಂದು ಸುಲಭದ ಪುಣ್ಯವನ್ನು ನಾನು ಎದುರುನೋಡುತ್ತಿದ್ದೆ.

ಹಿರಿಯರು ಸ್ವಲ್ಪ ಹೊತ್ತು ಬೆಟ್ಟದ ಬಂಡೆಗಳ ಕಡೆ ನೋಡುತ್ತ ಕುಳಿತರು. ಆಮೇಲೆ, ‘ಎಂಬತ್ತು ಅಂದಿದ್ದು ಹೊಡೆಯೋ ಬಂದೂಕಿಗೆ. ಇದು ನೋಡೋ ಬಂದೂಕು ಆತು. ನಲವತ್ತೈದು ಕೊಡ್ತೀನಿ’ ಎಂದರು. ಅದರಲ್ಲಿ ಜಿಪುಣತನವಿರಲಿಲ್ಲ. ವ್ಯಾಪಾರಿಯ ಇಪ್ಪತ್ತಕ್ಕಿಂತ ಅದು ಎರಡು ಪಾಲಿಗೂ ಮಿಗಿಲು. ಗೆಳೆಯನ ನೆನಪಿಗೆ ಅವರು ಇಪ್ಪತ್ತೈದು ಸಾವಿರ ಕೊಟ್ಟರು ಎನ್ನಬಹುದು. ಇಲ್ಲದ ನಳಿಗೆಗೆ ಮಾತ್ರ ಕೊಡಲಿಲ್ಲ.

ಸಂಜೆ ಸಿರುಗುಪ್ಪಕ್ಕೆ ಹೋಗಿ ಅತ್ತೆಗೆ ನಡೆದುದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ತೇವದಿಂದ ಕಪ್ಪಾಗಿದ್ದ ಜಂತೆಯ ಕಡೆ ಒಮ್ಮೆ ನೋಡಿ, ‘ಯಪ್ಪಾ, ಸತ್ಯ ನಿಂದು. ಮಾಳಿಗಿ ನಂದು’ ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೊಡ್ಡವರು ಈ ವಿಷಯದಲ್ಲಿ ಏನು ಹೇಳಿದ್ದಾರೆ ಎಂದು ಆಮೇಲೆ ಪುಸ್ತಕಗಳನ್ನು ತೆಗೆದು ನೋಡಿದೆ. ಮೇಷ್ಟ್ರುಗಳಿಗೆ ಕಷ್ಟ ಬಂದಾಗ ಬೇರೆ ದಾರಿ ಇಲ್ಲ. 1872ರ ಕರಾರು ಕಾಯಿದೆಯ ಹದಿನೇಳನೆಯ ಕಲಮಿನಲ್ಲಿ ಒಂದು ಕುದುರೆಯ ದೃಷ್ಟಾಂತ ಬರುತ್ತದೆ. ಕುದುರೆಗೆ ದೋಷವಿದೆಯೆಂದು ತಿಳಿದಿದ್ದೂ ಹರಾಜಿನಲ್ಲಿ ಸುಮ್ಮನೆ ಮಾರಿದವನು ಮೋಸ ಮಾಡಿದಂತಲ್ಲ. ಆದರೆ ಕೊಳ್ಳುವವಳು ಈಚೆಗಷ್ಟೇ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ ಹೇಳುವುದು ಅವನ ಕರ್ತವ್ಯ. ‘ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದು ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಕುರುಗೋಡಿನ ಹಿರಿಯರು ಈ ಕಾಯಿದೆಯನ್ನು ಓದಿದವರಲ್ಲ. ಆದರೂ ಹೆಚ್ಚು ಕಡಿಮೆ ಇದೇ ಮಾತನ್ನು ಆಡಿ ನನ್ನ ಮೌನದ ಬಾಗಿಲನ್ನು ಮುಚ್ಚಿದ್ದರು.

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೋ ಇದೇ ಪ್ರಶ್ನೆಯನ್ನು ಎತ್ತಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿವೆಯೆಂಬುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕೆ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೆ? ಡಯೋಜಿನಿಸ್ ಎಂಬ ತತ್ತ್ವಜ್ಞಾನಿ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ವರ್ತಕನ ಪರ ನಿಲ್ಲುತ್ತಾನೆ. ಅವನ ಶಿಷ್ಯ ಆಂಟಿಪೇಟರ್, ಮನುಷ್ಯನಿಗೆ ಮನುಷ್ಯ ಹೇಳಲೇಬೇಕು ಎನ್ನುತ್ತಾನೆ. ಸಿಸೆರೋ ಶಿಷ್ಯನ ಪಕ್ಷ. ನಮ್ಮ ಮಹಾಭಾರತದ ಶಾಂತಿಪರ್ವದಲ್ಲಿಯೂ ಒಬ್ಬ ವರ್ತಕನಿದ್ದಾನೆ. ಕಾಶಿಯ ಆ ತುಲಾಧಾರ ತಪಸ್ವಿ ಜಾಜಲಿಗೆ ಧರ್ಮ ಬೋಧಿಸುತ್ತಾನೆ. ಅವನ ಹಿರಿಮೆಯೆಲ್ಲ ಅವನ ತಕ್ಕಡಿಯಲ್ಲಿ. ಅದು ಎಲ್ಲರಿಗೂ ಒಂದೇ.

ಇವನ್ನೆಲ್ಲ ಓದಿ ಸಮಾಧಾನ ಆಗಬೇಕಾಗಿದ್ದಿತು. ಆಗಲಿಲ್ಲ. ಏಕೆಂದರೆ ಕಾಯಿದೆಯ ಕುದುರೆ ಮಾರುವವನದೇ. ರೋಡ್ಸಿನ ಧಾನ್ಯ ವರ್ತಕನದೇ. ತುಲಾಧಾರ ತೂಗಿದ್ದು ತನ್ನ ಸರಕನ್ನೇ. ಅವರು ಸತ್ಯ ಹೇಳಿದರೆ ನಷ್ಟವಾಗುವುದು ಅವರಿಗೆ. ನಾನು ಹೇಳಿದ ಸತ್ಯದ ಖರ್ಚನ್ನು ತೆತ್ತವರು ಅತ್ತೆ. ಪರರ ಹಣದಲ್ಲಿ ದಾನ ಮಾಡಿದವನನ್ನು ನಾವು ದಾನಿ ಎನ್ನುವುದಿಲ್ಲ. ಪರರ ಹಣದಲ್ಲಿ ಸತ್ಯ ನುಡಿದವನನ್ನು ಸತ್ಯವಂತ ಎನ್ನಬಹುದೆ?

ಇದಕ್ಕೆ ಒಂದು ಉತ್ತರವುಂಟು. ಆ ಮೂವತ್ತೈದು ಸಾವಿರ ಎಂದೂ ಅತ್ತೆಯದಾಗಿರಲಿಲ್ಲ. ಅದು ಇಲ್ಲದ ಒಂದು ನಳಿಗೆಯ ಬೆಲೆ. ಹಿರಿಯರು ತಿಳಿಯದೆ ಕೊಡುತ್ತಿದ್ದರು, ಅತ್ತೆ ತಿಳಿಯದೆ ಪಡೆಯುತ್ತಿದ್ದರು, ನಡುವೆ ತಿಳಿದವನು ನಾನೊಬ್ಬ. ಕೈಗೆ ಬಾರದ ಹಣ ಕಳೆದುಹೋಯಿತೆನ್ನುವುದು ಹೇಗೆ? ಈ ಉತ್ತರ ಸರಿಯೆಂದೇ ಈಗಲೂ ತೋರುತ್ತದೆ. ಆದರೆ ತರ್ಕ ಸರಿಯಾದ ಮಾತ್ರಕ್ಕೆ ಮಾಳಿಗೆ ಸೋರುವುದು ನಿಲ್ಲುವುದಿಲ್ಲ. ನಿಂತೀತೆಂದು ತಿಳಿದವನು ಮಾಳಿಗೆ ಮನೆಯಲ್ಲಿ ಮಳೆಗಾಲ ಕಳೆದವನಲ್ಲ. ನನ್ನ ಸತ್ಯದ ಖರ್ಚನ್ನು ನಾನೇ ಹೊರುತ್ತೇನೆಂದು ಹಣ ಕೊಡಹೋದೆ, ಅತ್ತೆ ತೆಗೆದುಕೊಳ್ಳಲಿಲ್ಲ. ‘ಬಂದೂಕು ನಿಂದಲ್ಲ, ನೀನ್ಯಾಕ ಕೊಡ್ತಿ?’ ಎಂದರು. ಅದೂ ಸರಿಯೇ.

ಹಾಗಾದರೆ ನನ್ನನ್ನು ಚುಚ್ಚುತ್ತಿದ್ದುದು ಏನು? ಅದು ತಿಳಿದದ್ದು ಬಂದೂಕನ್ನು ಒಪ್ಪಿಸುವ ದಿನ. ಅರ್ಜಿ, ಅಪ್ಪಣೆ, 45 ದಿನಗಳ ಕಾಯುವಿಕೆ ಎಲ್ಲವೂ ಮುಗಿದು, ಹಿರಿಯರೂ ಅತ್ತೆಯೂ ಬಳ್ಳಾರಿಯ ಅಂಗಡಿಗೆ ಬಂದಿದ್ದರು. ವ್ಯಾಪಾರಿ ಬಂದೂಕನ್ನು ಮೇಜಿನ ಮೇಲಿಟ್ಟ. ಹಿರಿಯರು ಹಣ ಎಣಿಸಲು ಕೈಹಾಕಿದಾಗ ಅತ್ತೆ ಯಾರೂ ಕೇಳದೆಯೇ, ‘ಇರ್ರಿ, ಒಂದು ಮಾತು. ತೋಟಾ ತುಂಬೋ ಆ ಡಬ್ಬಿ ಇದರದ್ದಲ್ರಿ. ಮೊದಲಿಂದು ಹೊಳ್ಯಾಗ ಬಿದ್ದುಹೋತು. ಇದನ್ನ ನಮ್ಮನೆಯವ್ರು ಬ್ಯಾರೆ ಕಡೆಯಿಂದ ತಂದು ಕೂಡ್ಸಿದ್ರು. ಆಗೀಗ ಸಿಕ್ಕಿಹಾಕ್ಕೊಂತಿತ್ತು ಅಂತಿದ್ರು’ ಎಂದರು.

ಅದು ನನಗೂ ಗೊತ್ತಿರಲಿಲ್ಲ. ಹಿರಿಯರು ತಲೆಯಾಡಿಸಿ, ಒಪ್ಪಿದ ನಲವತ್ತೈದನ್ನೇ ಎಣಿಸಿ ಕೊಟ್ಟರು. ಕಡಿಮೆ ಮಾಡಿದ್ದರೂ ಯಾರೂ ಆಕ್ಷೇಪಿಸುವಂತಿರಲಿಲ್ಲ. ಹಾಗೆ ಮಾಡುವ ಸಂಭವವಿದೆಯೆಂದು ತಿಳಿದೇ ಅತ್ತೆ ಆ ಮಾತನ್ನು ಆಡಿದ್ದರು.

ಬಸ್ ನಿಲ್ದಾಣಕ್ಕೆ ಅವರನ್ನು ಕರೆದೊಯ್ಯುವಾಗ ಕೇಳಿದೆ: ‘ಅತ್ತಿ, ನಳಿಗೆ ವಿಷಯ ನಾನು ಮೊದಲು ನಿನಗೆ ಹೇಳಿದ್ರೆ ಏನಂತಿದ್ದಿ?’

ಅವರು ಸ್ವಲ್ಪ ಯೋಚಿಸಿದರು. ‘ಹೇಳು ಅಂತಿದ್ನೋ ಬ್ಯಾಡ ಅಂತಿದ್ನೋ, ಈಗ ಹೆಂಗ ಹೇಳ್ಲಿ? ನೀನು ಕೇಳ್ಲೇ ಇಲ್ಲಲ್ಲ.’

ಅಷ್ಟೇ. ವ್ಯಾಪಾರಿಯ ಅಂಗಡಿಯಿಂದ ಕುರುಗೋಡಿಗೆ ಹೋಗುವ ಮೊದಲು ನಾನು ಸಿರುಗುಪ್ಪಕ್ಕೆ ಹೋಗಬೇಕಾಗಿದ್ದಿತು. ಬಿಡುವಿರಲಿಲ್ಲವೆಂದಲ್ಲ. ಹೇಳಿದರೆ ಅತ್ತೆ ‘ಸುಮ್ಮನಿರು’ ಎಂದಾರೆಂದು ಅಂಜಿ ಹೋಗಲಿಲ್ಲ. ಬಂದೂಕಿನ ಬೆಲೆ ಕಟ್ಟಲು ಕಾಗದ ಹಿಡಿದು, ಬೆಳಕು ಬಿಟ್ಟು, ಒಳಗೆ ಇಣಿಕಿ ನೋಡಿದವನು ಅತ್ತೆಯ ಬೆಲೆಯನ್ನು ಮಾತ್ರ ಹೊರಗಿನಿಂದಲೇ ಕಟ್ಟಿಬಿಟ್ಟಿದ್ದೆ; ಬಡತನವಿದೆ, ಮಾಳಿಗೆ ಸೋರುತ್ತಿದೆ, ಆದುದರಿಂದ ಸುಳ್ಳಿಗೆ ಒಪ್ಪುತ್ತಾರೆ ಎಂದು. ಸತ್ಯ ಹೇಳಿದ್ದು ತಪ್ಪಲ್ಲ. ಅದನ್ನು ಹೇಳುವ ಹಕ್ಕು ಮೊದಲು ಅತ್ತೆಯದಾಗಿದ್ದಿತು. ಅವರನ್ನು ಕೇಳದೆ ನಾನು ಅದನ್ನು ಬಳಸಿಕೊಂಡೆ. ಕೇಳಿದ್ದು, ಅವರು ಬೇಡವೆಂದಿದ್ದರೆ? ಆಗ ‘ಈ ವ್ಯವಹಾರದಲ್ಲಿ ನನ್ನನ್ನು ಬಿಡು, ಅತ್ತಿ, ಬೇರೆಯವರು ನೋಡಲಿ’ ಎಂದು ಹಿಂದೆ ಸರಿಯುವ ದಾರಿ ಇದ್ದೇ ಇದ್ದಿತು. ಸುಳ್ಳಿಗೆ ಮುದ್ರೆಯಾಗದಿರುವುದು ನನ್ನ ಕೈಯಲ್ಲಿದ್ದಿತು. ಆದರೆ ಅವರ ಪರವಾಗಿ ಸತ್ಯವಂತನಾಗುವುದು ನನ್ನ ಕೈಯಲ್ಲಿರಲಿಲ್ಲ.

ನಲವತ್ತೈದು ಸಾವಿರದಲ್ಲಿ ಮಾಳಿಗೆಯ ಅರ್ಧ ಭಾಗದ ಕೆಲಸವಾಯಿತು. ಉಳಿದರ್ಧಕ್ಕೆ ಈ ಮಳೆಗಾಲವೂ ಪಾತ್ರೆ ಇಟ್ಟಿದ್ದಾರೆ. ಮೊನ್ನೆ ಹೋದಾಗ ನನಗೆ ಚಾಪೆ ಹಾಸಿದ್ದು ಹೊಸ ಮಾಳಿಗೆಯ ಕೆಳಗೆ. ನಾನೇ ಅದನ್ನು ಎತ್ತಿಕೊಂಡು ಹೋಗಿ ಹಳೆಯದರ ಕೆಳಗೆ ಹಾಸಿಕೊಂಡೆ. ಅತ್ತೆ ನೋಡಿದರು, ಬೇಡವೆನ್ನಲಿಲ್ಲ.